ಕೆರೆಗೆ ಉಸಿರು ಬಂದ ಬೆಳಗು

ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ಏಪ್ರಿಲ್ ತಿಂಗಳು, ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ, ನಾನು ಕುಂಬಾರಕೊಪ್ಪಲಿನ ಆಚೆಗಿದ್ದ ಕೆರೆಯ ಪಡುವಣ ದಡದಲ್ಲಿ, ನೀರಿಗಿಳಿಯುವ ಕಲ್ಲುಮೆಟ್ಟಿಲುಗಳ ಪೈಕಿ ಒಣಗಿದ್ದ ಕೊನೆಯದರ ಮೇಲೆ ನಿಂತಿದ್ದೆ. ಮುಖ ಮೂಡಣಕ್ಕಿತ್ತು. ಗಾಳಿ ಇರಲಿಲ್ಲ. ಹಿಂದಿನ ದಿನವಿಡೀ ಮೋಡ ಕವಿದಿತ್ತು.

ನಮ್ಮ ಕಾಲೇಜಿನಲ್ಲಿ ಆ ವರ್ಷ ಕಲಾ ವಿಭಾಗದವರನ್ನೂ ವಿಜ್ಞಾನದವರನ್ನೂ ಒಟ್ಟಿಗೆ ಕೂರಿಸಿ ಪರಿಸರದ ಪಾಠ ಮಾಡುತ್ತಿದ್ದರು. ನಾನು ಇತಿಹಾಸದ ವಿದ್ಯಾರ್ಥಿ. ಕೆರೆಯ ಸುತ್ತಲಿನ ಜನರನ್ನು ಮಾತನಾಡಿಸುವುದು ನನ್ನ ಪಾಲು. ರಸಾಯನಶಾಸ್ತ್ರದ ನನ್ನ ಜೊತೆಗಾತಿಯದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ನೋಡುವ ಕೆಲಸ. ಸೀಸೆಗೆ ನೀರು ತುಂಬಿ ಎರಡು ದ್ರಾವಣ ಬಿಟ್ಟರೆ ಗಸಿ ಕಟ್ಟುತ್ತದೆ. ಗಸಿ ಕಂದಾದರೆ ಆಮ್ಲಜನಕ ಉಂಟು, ಬಿಳಿಯಾದರೆ ಇಲ್ಲ. ಪ್ರತಿ ಸಲವೂ ನಮಗೆ ದಟ್ಟ ಕಂದೇ ಬಂದಿತ್ತು. ಕಾಲೇಜಿನ ಪ್ರಾಯೋಗಿಕ ತರಗತಿಗಳೆಲ್ಲ ಮಧ್ಯಾಹ್ನದ ಊಟದ ಮೇಲೆಯೇ ಇರುತ್ತಿದ್ದವು. ಬೇರೆ ಹೊತ್ತಿನಲ್ಲಿ ಕೆರೆಯನ್ನು ನೋಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆ ಕೆರೆಯಲ್ಲಿ ಮೀನು ಸಾಕುವವರೊಬ್ಬರಿದ್ದರು. ಹಿಂದಿನ ವರ್ಷ ಅವರು ಬಿಟ್ಟ ಮರಿಗಳೆಲ್ಲ ಸತ್ತು ತೇಲಿದ್ದವು. ಈ ಸಲವೂ ಹಾಗಾದರೆ ಈ ಕಸುಬನ್ನೇ ಬಿಡುತ್ತೇನೆ ಎಂದು ನನ್ನ ಬಳಿ ಹೇಳಿದ್ದರು. ನೀರು ಚೆನ್ನಾಗಿದೆ ಎಂಬ ನಮ್ಮ ಮಾತು ನಂಬಿ ಹೊಸ ಮರಿ ತಂದಿದ್ದರು. ತಂಪು ಹೊತ್ತಿನಲ್ಲಿ ಬಿಡುತ್ತೇನೆ, ಬನ್ನಿ ಎಂದು ಕರೆದಿದ್ದರಿಂದ ನಾನು, ಜೊತೆಗಾತಿ, ನಮ್ಮ ಅಧ್ಯಾಪಕಿ ಅಲ್ಲಿಗೆ ಹೋಗಿದ್ದೆವು.

"ಏನ್ ಮೇಡಂ, ಮರಿ ಬಿಡೋ ಪೂಜೆಗೆ ಹೂವ ತರ್ತೀರ ಅಂದ್ಕಂಡ್ರೆ ಸೀಸೆ ತಂದಿದ್ದೀರಲ್ಲ!" ಎಂದು ನಗುತ್ತ ಅವರು ತಮ್ಮ ಲಗೇಜ್ ಆಟೋದಿಂದ ಮರಿಗಳಿದ್ದ ಪ್ಲಾಸ್ಟಿಕ್ ಚೀಲವೊಂದನ್ನು ಎತ್ತಿಕೊಂಡು ಮೆಟ್ಟಿಲಿಳಿದರು.

ಬೆಳಕು ಒಂದಿಷ್ಟು ಹರಿಯಿತು. ಆಗ ಕಂಡಿತು. ನೀರಿನ ಮೈತುಂಬ ಬಾಯಿಗಳು. ಕಣ್ಣು ಹೋಗುವಷ್ಟು ದೂರ, ಕೆರೆಯ ಹಳೆಯ ಮೀನುಗಳು ತಲೆಯೆತ್ತಿ ದುಂಡಗೆ ಬಾಯಿ ತೆರೆದು ಮುಚ್ಚುತ್ತಿದ್ದವು. ಚಪ್ಪರಿಸುವಂಥ ಸಣ್ಣ ಸದ್ದು ಎಲ್ಲ ಕಡೆಯಿಂದ ಬರುತ್ತಿತ್ತು. ನಾನು ಕೈ ಚಾಚಿದರೂ ಒಂದೂ ಓಡಲಿಲ್ಲ.

"ಆಟ ಆಡ್ತಾವೆ ಕಣ್ರೀ, ಹೊಸೋರ್ನ ಕರೀತಾವೆ," ಎಂದರು ಅವರು.

ಜೊತೆಗಾತಿ ಕುಕ್ಕರಗಾಲಲ್ಲಿ ಕೂತು ಸೀಸೆ ತುಂಬಿದಳು. ದ್ರಾವಣ ಬಿಟ್ಟಳು. ಗಸಿ ಹಾಲಿನಷ್ಟು ಬಿಳಿ. ಇನ್ನೊಂದು ಸೀಸೆ ತುಂಬಿದಳು. ಅದೂ ಬಿಳಿ.

"ಅಣ್ಣಾ, ಬಿಡ್ಬೇಡಿ! ನೀರಲ್ಲಿ ಉಸಿರೇ ಇಲ್ಲ!"

"ಏನಮ್ಮ ನೀನು, ಮೊನ್ನೆ ತಾನೆ ನೀರು ಪಸಂದಾಗೈತೆ ಅಂದ್ಬುಟ್ಟೆ?"

"ಮೊನ್ನೆ ಮಧ್ಯಾಹ್ನ ಕಣಣ್ಣಾ. ಬಿಸಿಲಿತ್ತು."

ಹೇಳಿದವಳೇ ಬೆಚ್ಚಿ ಅಧ್ಯಾಪಕಿಯ ಮುಖ ನೋಡಿದಳು. ಅವರು ಸಸ್ಯಶಾಸ್ತ್ರದವರು. ನೀರಿನ ಹಸಿರನ್ನು ದಿಟ್ಟಿಸಿ ನಿಧಾನವಾಗಿ ಹೇಳಿದರು: "ಈ ಪಾಚಿ ಬಿಸಿಲಲ್ಲಿ ಉಸಿರು ಕೊಡುತ್ತೆ. ಕತ್ತಲಾದ್ರೆ ಅದೇ ಉಸಿರನ್ನ ತಿಂದ್ಬುಡುತ್ತೆ. ತಡೀರಿ, ನೋಡೋಣ."

ಮೀನಿನವರು ಚೀಲವನ್ನು ಎದೆಗವಚಿಕೊಂಡು ನಿಂತರು. ಬಿಸಿಲು ನೀರಿನ ಮೇಲೆ ಬಿತ್ತು. ಜೊತೆಗಾತಿ ಬಿಟ್ಟು ಬಿಟ್ಟು ಸೀಸೆ ತುಂಬುತ್ತಿದ್ದಳು. ಬಿಳಿ ಕೆನೆಯಾಯಿತು, ಬಹಳ ಹೊತ್ತಿನ ಮೇಲೆ ತಿಳಿ ಚಹಾದ ಬಣ್ಣಕ್ಕೆ ಬಂತು. ಬಾಯಿಗಳು ಅಲ್ಲೊಂದು ಇಲ್ಲೊಂದು, ಆಮೇಲೆ ಗುಂಪುಗುಂಪಾಗಿ ಕೆಳಗಿಳಿದವು. ಸದ್ದು ನಿಂತಿತು. ಅಷ್ಟು ದೊಡ್ಡ ಕೆರೆ ರಾತ್ರಿ ಕಳೆಯುವಷ್ಟರಲ್ಲಿ ಸಾವಿನ ಅಂಚಿಗೆ ಹೋಗಿ ನಮ್ಮ ಕಣ್ಣೆದುರೇ ವಾಪಸು ಬಂದಿತ್ತು.

"ಈಗ ಬಿಡ್ಲಾ?" ಎಂದರು ಅವರು.

"ನಾಳೆ ಬೆಳಿಗ್ಗೆ ಮತ್ತೆ ಹಿಂಗಾದ್ರೆ ಮರಿಗಳು ತಡ್ಕೊಳಲ್ಲ ಅಣ್ಣಾ," ಎಂದಳು ಜೊತೆಗಾತಿ.

"ಅಂಗಾರೆ ಹೋದೊರ್ಷ ನನ್ ಮರಿಗಳು..." ಎಂದರು ಅವರು. ಚೀಲವನ್ನು ಜೋಪಾನವಾಗಿ ಆಟೋದಲ್ಲಿಟ್ಟು, ಮರಿ ಕೊಂಡು ತಂದಿದ್ದ ಸಾಕಣೆ ತೊಟ್ಟಿಗೇ ಅವನ್ನು ವಾಪಸು ಒಯ್ದರು. ಬಹುಪಾಲು ಬದುಕಿದವು. ಅವರು ಕಸುಬು ಬಿಡಲಿಲ್ಲ.

ಅದನ್ನು ಕಂಡವರು ನನ್ನನ್ನು ಬಿಟ್ಟರೆ ಮೂವರು. ಅಧ್ಯಾಪಕಿ ಈಗಿಲ್ಲ. ಮೀನಿನವರು ದೇವರಾಜ ಮೊಹಲ್ಲಾದಲ್ಲಿ ಮಗಳ ಜೊತೆ ಇದ್ದಾರೆ. ಕಿವಿ ಮಂದವಾಗಿದೆ, ಕೇಳಿದರೆ ಹೇಳುತ್ತಾರೆ. ಜೊತೆಗಾತಿ ಕೃಷ್ಣಮೂರ್ತಿಪುರಂನಲ್ಲಿದ್ದಾಳೆ.