ಜೂನ್ ತಿಂಗಳ ಅವರೆಕಾಳು

ನಿನ್ನೆ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಕಾಲಿಟ್ಟ ಕೂಡಲೇ ಅವರೆಕಾಯಿಯ ಸೊಗಡು ಮೂಗಿಗೆ ಬಡಿಯಿತು. ಯಾರೋ ಚೀಲ ಹಿಡಿದು ಮೇಲೆ ಹೋಗಿದ್ದರು. ಅವರು ಇಳಿದು ಹೋದರೂ ಸೊಗಡು ಮಾತ್ರ ತನ್ನ ಮಹಡಿ ಮರೆತವರಂತೆ ಅಲ್ಲೇ ನಿಂತಿತ್ತು. ಈ ವರ್ಷ ಅವರೆಕಾಯಿ ತರುವುದಿಲ್ಲ ಎಂದು ನಾನು ಮನೆಯಲ್ಲಿ ಘೋಷಿಸಿಯಾಗಿತ್ತು. ಸುಲಿಯಬೇಕು, ನೆನೆಹಾಕಬೇಕು, ಒಂದೊಂದೇ ಕಾಳು ಹಿತುಕಿ ಸಿಪ್ಪೆ ಬಿಡಿಸಬೇಕು. ಆಮೇಲೆ ಬೆರಳುಗಳು ಎರಡು ದಿನ ನಮ್ಮ ಮಾತು ಕೇಳುವುದಿಲ್ಲ. ಆದರೆ ಸೊಗಡಿಗೆ ಘೋಷಣೆಗಳ ಹಂಗಿಲ್ಲ. ನಮ್ಮ ಮಹಡಿ ಬರುವಷ್ಟರಲ್ಲಿ ನಾನು ಬೆಂಗಳೂರಿನ ಕಾಕ್ಸ್ ಟೌನಿನ ಹಳೆಯ ಮನೆಯೊಂದರ ಅಡುಗೆಮನೆಯಲ್ಲಿದ್ದೆ. ನೀವೂ ಬನ್ನಿ.

ಎರಡು ಸಾವಿರನೇ ಇಸವಿಯ ಆಚೀಚೆಯ ಮಾತು. ಮದುವೆಯಾಗಿ ದಾವಣಗೆರೆಯಿಂದ ಬಂದ ನಾನು, ನನ್ನ ಗಂಡ, ಆ ಮನೆಯ ಮೇಲಿನ ಭಾಗದಲ್ಲಿದ್ದೆವು. ಕೆಳಗೆ ಮನೆಯೊಡತಿ ಸ್ಟೆಲ್ಲಾ ಟೀಚರ್ ಒಬ್ಬರೇ. ಶಾಲೆಯಿಂದ ನಿವೃತ್ತರಾಗಿದ್ದರೂ ಪಾಠದಿಂದ ನಿವೃತ್ತರಾಗಿರಲಿಲ್ಲ. ಮನೆಯಲ್ಲಿ ತಮಿಳು, ಚರ್ಚಿನಲ್ಲಿ ಇಂಗ್ಲಿಷ್, ನನ್ನೊಡನೆ ಕನ್ನಡ. ಮೂರರಲ್ಲೂ ಒಂದೇ ಗದರಿಕೆ.

ನಾವು ಹೊಸದಾಗಿ ಫ್ರಿಜ್ ಕೊಂಡಿದ್ದೆವು. ಫ್ರೀಜರ್ ಎಂದರೆ ಒಳಗೆ ಹಾಕಿ ಮರೆಯುವ ಜಾಗ ಎಂದೇ ನಾನು ತಿಳಿದಿದ್ದೆ. ಬಿಸಿ ಸಾರನ್ನು ಗಾಜಿನ ಬಾಟಲಿಯಲ್ಲಿ ಕುತ್ತಿಗೆಮಟ್ಟ ತುಂಬಿಸಿಟ್ಟರೆ ಬೆಳಗಾಗುವಷ್ಟರಲ್ಲಿ ಬಾಟಲಿ ಒಡೆದು, ಸಾರು ಬಾಟಲಿಯ ಆಕಾರದಲ್ಲೇ ನಿಂತಿರುತ್ತಿತ್ತು. ಒಮ್ಮೆ ಗಂಡನ ಆಫೀಸಿನವರು ತಿಂಡಿಗೆ ಬಂದಾಗ, ಫ್ರೀಜರಿನ ಹಸಿರು ಗಡ್ಡೆಯೊಂದನ್ನು ಕೊತ್ತಂಬರಿ ಚಟ್ನಿ ಎಂದು ಕರಗಿಸಿ ದೋಸೆಯ ಪಕ್ಕ ಬಡಿಸಿದೆ. ಪುಣ್ಯಕ್ಕೆ ಮೊದಲು ನಾಲಿಗೆಗಿಟ್ಟವರು ನನ್ನ ಗಂಡ. ಅದು ನಾದಿನಿಯ ಮದುವೆಯಲ್ಲಿ ಉಳಿದಿದ್ದ ಮೆಹಂದಿ. ಅವರ ನಾಲಿಗೆಯ ತುದಿ ಮದುಮಗಳ ಅಂಗೈಯಂತೆ ರಂಗೇರಿತ್ತು.

ಈ ಸುದ್ದಿ ಕೆಳಗೆ ತಲುಪಿ ಟೀಚರ್ ಮೆಟ್ಟಿಲು ಹತ್ತಿ ಬಂದರು. ನನ್ನ ಫ್ರೀಜರಿನ ಬಾಗಿಲು ತೆರೆದು, ಪರೀಕ್ಷೆಯಲ್ಲಿ ಖಾಲಿ ಉತ್ತರಪತ್ರಿಕೆ ಕಂಡವರಂತೆ ನಿಟ್ಟುಸಿರುಬಿಟ್ಟರು.

"ಏನ್ಮಾ ಇದು, ಗೋಡೌನಾ? ಬಿಸಿ ಬಿಸಿ ಒಳಗಿಡಬಾರ್ದು. ಆರಬೇಕು. ನೀರಿರೋದಕ್ಕೆ ಮೇಲೆ ಜಾಗ ಬಿಡ್ಬೇಕು, ಅದು ಉಬ್ಬುತ್ತೆ. ಒಂದ್ಸಲಕ್ಕೆ ಎಷ್ಟು ಬೇಕೋ ಅಷ್ಟಷ್ಟೇ ಕವರ್‌ಗೆ ಹಾಕಿ, ಗಾಳಿ ತೆಗ್ದು, ತೆಳ್ಳಗೆ ಚಪ್ಪಟೆ ಮಾಡಿ ಇಡು. ಮೇಲೆ ಹೆಸರು ಬರಿ. ಕರಗಿದ್ದನ್ನ ತಿರುಗಾ ಒಳಗಿಡಬೇಡ. ಬರ್ಕೊಳ್ತಿದೀಯಾ?"

ಬರೆದುಕೊಳ್ಳಲಿಲ್ಲ. ಆದರೆ ಕೆಳಗೆ ಹೋಗಿ ಅವರ ಫ್ರೀಜರನ್ನು ನೋಡಿ ಬಂದೆ. ಗ್ರಂಥಾಲಯದ ಕಪಾಟಿನಂತೆ ಪೊಟ್ಟಣಗಳು ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಅವರ ಹೆಮ್ಮೆಯೆಂದರೆ ಹಿತುಕಿದ ಅವರೆಬೇಳೆ. ಚಳಿಗಾಲದಲ್ಲಿ ರಸೆಲ್ ಮಾರ್ಕೆಟ್ಟಿನಿಂದ ಚೀಲಗಟ್ಟಲೆ ತಂದು, ಹಿತುಕಿದ ಬೇಳೆಯನ್ನು ಕುದಿಯುವ ನೀರಿನಲ್ಲಿ ಒಂದು ಗಳಿಗೆ ಅದ್ದಿ, ತಕ್ಷಣ ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಆರಿಸುತ್ತಿದ್ದರು. ಆಮೇಲೆ ತಟ್ಟೆಯಲ್ಲಿ ಹರಡಿ, ಫ್ರೀಜರಿನಲ್ಲಿಟ್ಟು ಗಟ್ಟಿಯಾಗಿಸಿ, ಕವರಿಗೆ ತುಂಬುತ್ತಿದ್ದರು. ಹಾಗೆ ಮಾಡಿದರೆ ಬೇಳೆ ಒಂದಕ್ಕೊಂದು ಅಂಟುವುದಿಲ್ಲ. ಬೇಕೆಂದಾಗ ಮುತ್ತಿನಂತೆ ಸುರಿಯುತ್ತದೆ. ಬೆಂಗಳೂರಿನ ಅವರೆಯ ಹುಚ್ಚು ನನಗೆ ಹಿಡಿದದ್ದು ಅವರ ಮನೆಯ ಸಾರಿನಿಂದಲೇ.

ಮರುವರ್ಷ ನಾನು ಬಸುರಿಯಾದೆ. ವಾಂತಿ ಮೂರು ತಿಂಗಳಿಗೆ ನಿಲ್ಲುತ್ತದೆ ಎಂದರು. ಐದು ತುಂಬಿದರೂ ನಿಲ್ಲಲಿಲ್ಲ. ತೂಕ ಏರುವ ಬದಲು ಇಳಿಯಿತು. ಡಾಕ್ಟರಮ್ಮ ಗದರಿದರು: "ಪಥ್ಯ ಗಿಥ್ಯ ಏನೂ ಬೇಡ. ಏನು ಸೇರುತ್ತೋ ಅದನ್ನ ತಿನ್ನಿ. ಆದ್ರೆ ತಿನ್ನಿ." ಸುದ್ದಿ ತಿಳಿದು ದಾವಣಗೆರೆಯಿಂದ ಅವ್ವ ಬಂದಳು. ರೊಟ್ಟಿ, ಪುಂಡಿಪಲ್ಯ, ಮೆಂತ್ಯದ ಕಡುಬು, ಚಿಕ್ಕಂದಿನಲ್ಲಿ ನಾನು ಬೇಡಿ ತಿಂದದ್ದೆಲ್ಲವನ್ನೂ ಮಾಡಿದಳು. ಒಂದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಪ್ರತಿ ಸಲವೂ ಅವ್ವ ನನ್ನ ಬೆನ್ನು ನೀವುತ್ತಿದ್ದಳು, ಆಮೇಲೆ ತಾನು ಮಾಡಿದ್ದನ್ನು ತಾನೇ ಕೂತು ಉಣ್ಣುತ್ತಿದ್ದಳು. ಅದನ್ನು ನೋಡುವುದು ವಾಂತಿಗಿಂತ ಕಷ್ಟವಾಗಿತ್ತು.

ಒಂದು ಬೆಳಿಗ್ಗೆ ಎದ್ದವಳೇ, "ಅವ್ವಾ, ಹಿತುಕಿದ ಬೇಳೆ ಸಾರು ಉಣ್ಣಬೇಕು ಅನ್ನಿಸ್ತೈತಿ" ಎಂದೆ. ವಾರಗಟ್ಟಲೆಯ ಮೇಲೆ ನಾನಾಗಿ ಏನನ್ನಾದರೂ ಬಯಸಿದ್ದು ಅದೇ ಮೊದಲು. ತಿಂಗಳು ಜೂನ್.

ಟೀಚರಿಗೆ ಹೇಳಿದರೆ, ತಮಿಳಿನ ಮುದ್ದು ಬೆರೆಸಿ, "ಅಷ್ಟೇನಾ ಕಣ್ಣು, ಫ್ರೀಜರಲ್ಲಿ ಇದೆ" ಎಂದರು. ಅವ್ವ ತಡೆದಳು.

"ಯಾವಾಗಿಂದು ಟೀಚರ್ರೇ ಅದು?"

"ಸಂಕ್ರಾಂತಿ ಟೈಮಲ್ಲಿ ಇಟ್ಟಿದ್ದು."

"ಬಸುರಿಗೆ ನಾವು ನಿನ್ನೆ ಅನ್ನಾನ ಕೊಡಂಗಿಲ್ರಿ. ಇದು ಸಂಕ್ರಾಂತಿ ತಂಗಳು."

"ತಂಗಳಲ್ಲಮ್ಮಾ, ನಿದ್ದೆ ಮಾಡ್ತಿದೆ ಅಷ್ಟೇ."

"ನಾ ಹೊಸಾದು ತರ್ತೀನಿ ಬಿಡ್ರಿ."

ಅವ್ವನೊಬ್ಬಳೇ ಹೊರಟರೆ ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲೇ ಕಳೆದುಹೋಗುತ್ತಾಳೆಂದು ಟೀಚರೂ ಕೊಡೆ ಹಿಡಿದು ಜೊತೆಗೆ ಹೋದರು. ಅಲ್ಲಿ ನಡೆದದ್ದನ್ನು ಇಬ್ಬರೂ ಬೇರೆಬೇರೆಯಾಗಿ ನನಗೆ ಹೇಳಿದ್ದಾರೆ. ಮಾರ್ಕೆಟ್ಟಿನ ಅಂಗಡಿ ಅಂಗಡಿಗೂ ಅವ್ವ ವಿಚಾರಿಸಿದಳಂತೆ. ಕೊನೆಗೆ ಬಿಳಿಗಡ್ಡದ ಸಾಬರೊಬ್ಬರು ನಕ್ಕು, "ಅಮ್ಮಾ, ಈಗ ಎಲ್ಲಿ ಅವರೆಕಾಯಿ? ಡಿಸೆಂಬರ್‌ಗೆ ಬನ್ನಿ, ಒಳ್ಳೆ ಸೊಗಡಿಂದು ತೆಗ್ದಿಡ್ತೀನಿ" ಎಂದರಂತೆ.

"ಡಿಸೆಂಬರಿಗೆ ಕೂಸೇ ಬಂದಿರ್ತೈತಲ್ಲಪ್ಪಾ," ಎಂದಳಂತೆ ಅವ್ವ. ಹಾಗೆಂದವಳೇ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟಳಂತೆ. "ಎಂಥಾ ತಾಯಿರಿ ನಾನು. ಮಗಳು ಬಾಯಿಬಿಟ್ಟು ಕೇಳಿದ್ದು ಒಂದು, ಅದನ್ನೂ ಕೊಡಾಕಾಗ್ಲಿಲ್ಲ."

ಇಷ್ಟನ್ನು ಅವ್ವ ನನಗೆ ಹೇಳಲಿಲ್ಲ, ಟೀಚರ್ ಹೇಳಿದರು. ತಾವು ಆಗ ಆಡಿದ ಮಾತನ್ನು ಟೀಚರ್ ಹೇಳಲಿಲ್ಲ, ಅವ್ವ ಹೇಳಿದಳು. ಅದು ಹೀಗಿತ್ತು: "ಬೇಳೆ ನನ್ನ ಮನೇದು ಇರ್ಲಿ ಅಮ್ಮಾ. ಸಾರು ನೀವೇ ಮಾಡಿ. ಅವಳಿಗೆ ಬೇಕಾಗಿರೋದು ಅಮ್ಮನ ಕೈದು."

ಮಧ್ಯಾಹ್ನ ಅಡುಗೆಮನೆಯಲ್ಲಿ ಪೊಟ್ಟಣ ಬಿಚ್ಚಿಕೊಂಡಿತು. ಬೇಳೆ ತಟ್ಟೆಗೆ ಬಿದ್ದಾಗ ಕಲ್ಲಿನ ಸದ್ದು. ಅವ್ವ ಮೂಸಿದಳು, ಒಂದನ್ನು ಬೆಳಕಿಗೆ ಹಿಡಿದಳು, ಇನ್ನೊಂದನ್ನು ಕಚ್ಚಿ ಹಲ್ಲು ಹಿಡಿದುಕೊಂಡಳು. "ಕರಗಿಸೋದು ಬೇಡ, ಹಂಗೇ ಕುದಿಯೋಕೆ ಹಾಕಿ," ಎಂದರು ಟೀಚರ್. ಒಗ್ಗರಣೆ ಬಿದ್ದು ಸಾರು ಕುದಿಯತೊಡಗಿದಾಗ ಮನೆಯೆಲ್ಲ ಜನವರಿಯಾಯಿತು. ಅವ್ವ ಒಂದು ಷರತ್ತು ಹಾಕಿದಳು: ಇವತ್ತು ತಾನೊಬ್ಬಳೇ ಉಣ್ಣುವುದು. ನಾಳೆಯವರೆಗೆ ತನಗೇನೂ ಆಗದಿದ್ದರೆ ಮಗಳಿಗೆ.

ಪರೀಕ್ಷೆಗೆಂದು ಒಂದು ಬಟ್ಟಲು ಉಂಡಳು. ಸರಿಯಾಗಿ ತಿಳಿಯಲಿಲ್ಲವೆಂದು ಇನ್ನೊಂದು ಬಟ್ಟಲು. ಮೂರನೆಯದಕ್ಕೆ ಕಾರಣ ಹೇಳಲಿಲ್ಲ. ಆಮೇಲೆ ಕೋಣೆಯಲ್ಲಿ ಅಡ್ಡಾಗಿ, ಸಣ್ಣಗೆ ಗೊರಕೆ ಹೊಡೆಯತೊಡಗಿದಳು.

ನಾನು ಕಾಯಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಯೊಳಗೇ ಅನ್ನ ಕಲಸಿಕೊಂಡು ನಿಂತಲ್ಲೇ ಉಂಡೆ. ಎಷ್ಟು ಉಂಡೆನೋ ತಿಳಿಯದು. ಹಿಂದೆ ಬಳೆ ಸದ್ದಾಯಿತು. ತಿರುಗಿದರೆ ಬಾಗಿಲಲ್ಲಿ ಅವ್ವ. ಬೈಯಲಿಲ್ಲ. ಹತ್ತಿರ ಬಂದು, ರೂಢಿಯಂತೆ ನನ್ನ ಬೆನ್ನ ಮೇಲೆ ಕೈಯಿಟ್ಟು ಕಾದಳು. ಇಬ್ಬರೂ ಬಚ್ಚಲಿನ ಕಡೆಗೇ ನೋಡುತ್ತಾ ನಿಂತೆವು. ಏನೂ ಆಗಲಿಲ್ಲ. ಹೊರಗೆ ಹಳೆ ಪೇಪರಿನವನು ಕೂಗುತ್ತಾ ಬಂದ, ಹೋದ. ಆಗಲೂ ಏನೂ ಆಗಲಿಲ್ಲ. ನನಗೊಂದು ದೊಡ್ಡ ತೇಗು ಬಂತು.

ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೆಟ್ಟಿಲ ಬಳಿ ಹೋಗಿ ಕೆಳಗೆ ಬಾಗಿದಳು. "ಟೀಚರ್ರೇ, ಇನ್ನ ಎಷ್ಟು ಪಾಕೀಟು ಅದಾವ್ರಿ?"

ಇದ್ದವೆಲ್ಲ ಆ ತಿಂಗಳಲ್ಲೇ ಮುಗಿದವು. ಅಷ್ಟರಲ್ಲಿ ರೊಟ್ಟಿಯೂ ಸೇರತೊಡಗಿತು, ತೂಕವೂ ಏರಿತು. ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ಊರಿಗೆ ಹೊರಡುವ ಮುನ್ನ ಅವ್ವ ನನ್ನ ಫ್ರೀಜರನ್ನು ಹೋಳಿಗೆ ಹೂರಣ, ತೆಂಗಿನ ತುರಿ, ಬಟಾಣಿಗಳಿಂದ ತುಂಬಿಸಿದಳು. ಎಲ್ಲವೂ ಚಪ್ಪಟೆ, ಎಲ್ಲದರ ಮೇಲೂ ಹೆಸರು. ದಾವಣಗೆರೆಗೆ ಹೋದವಳೇ ಮನೆಗೆ ದೊಡ್ಡ ಫ್ರಿಜ್ ತರಿಸಿ, ಓಣಿಯ ಹೆಂಗಸರಿಗೆಲ್ಲ ಈ ವಿದ್ಯೆಯನ್ನು ತಾನೇ ಕಂಡುಹಿಡಿದವಳಂತೆ ಕಲಿಸಿದಳು.

ಆ ಹಳೆಯ ಮನೆ ಈಗ ಈ ಅಪಾರ್ಟ್‌ಮೆಂಟಾಗಿದೆ. ನಾವು ಮೂರನೆಯ ಮಹಡಿ, ಟೀಚರ್ ನೆಲಮಹಡಿ. ನಿನ್ನೆ ನಾನು ಮನೆಯ ಬೀಗ ತೆಗೆಯದೆ ಅದೇ ಲಿಫ್ಟಿನಲ್ಲಿ ಕೆಳಗಿಳಿದೆ. ಮಾರ್ಕೆಟ್ಟಿಗೆ ಹೋಗಿ, ಹೊರಲಾರದಷ್ಟು ಅವರೆಕಾಯಿ ತಂದೆ.

ಇವತ್ತು ಬೆಳಿಗ್ಗೆಯಿಂದ ಟೀಚರ ಮನೆಯಲ್ಲಿ ಇಬ್ಬರೂ ಕೂತು ಹಿತುಕುತ್ತಿದ್ದೇವೆ. ಅವರಿಗೆ ಎಂಬತ್ತು ದಾಟಿದೆ. ಬೆರಳು ನಿಧಾನ, ಗದರಿಕೆ ಹಾಗೇ ಇದೆ. ನಡುವೆ ಫೋನಿನ ಸ್ಪೀಕರಿನಲ್ಲಿ ಅವ್ವ. ಬಿಸಿನೀರಿಗೆ ಚಿಟಿಕೆ ಉಪ್ಪು ಹಾಕಬೇಕೆಂದು ಅವಳು, ಕೂಡದೆಂದು ಇವರು. ಇವರಿಗೆ ಕಿವಿ ಸರಿಯಾಗಿ ಕೇಳದು, ಅವಳಿಗೆ ತಾಳ್ಮೆಯಿಲ್ಲ. ಜಗಳ ಚೆನ್ನಾಗಿ ಕಾವೇರಿದೆ.

"ಆತ್ ಬಿಡ್ರಿ, ನಿಮ್ಮ ಪದ್ಧತೀಲೆ ಮಾಡ್ರಿ," ಎಂದಳು ಅವ್ವ ಕೊನೆಗೆ. "ನಂದೊಂದು ಪಾಕೀಟು ಬ್ಯಾರೆ ಇಡ್ರಿ. ಈಗ ಮಂಡಿ ನೋವು, ಬರಾಕಾಗಂಗಿಲ್ಲ. ಜೂನಿನಾಗ ಬರ್ತೀನಿ."

ಟೀಚರ್ ನನ್ನ ಕಡೆ ನೋಡಿದರು. "ಏನಂತೆ?"

"ಜೂನಲ್ಲಿ ಬರ್ತಾಳಂತೆ," ಎಂದೆ, ಅವರ ಕಿವಿಯ ಹತ್ತಿರ.

ಅವರು ತಲೆಯಾಡಿಸಿ ಪೆನ್ನು ಕೇಳಿದರು. ದೊಡ್ಡ ಕವರೊಂದನ್ನು ಮೊಣಕಾಲ ಮೇಲೆ ನೇರ ಮಾಡಿಕೊಂಡು, ಶಾಲೆಯ ಹಲಗೆಯ ಮೇಲೆ ಬರೆದಂತೆ ದಪ್ಪ ಅಕ್ಷರಗಳಲ್ಲಿ ಅವ್ವನ ಹೆಸರು ಬರೆದರು.