ಕೊಸರಿಗೆ ಬಂದ ಮಿಠಾಯಿ

೨೦೦೪ರಲ್ಲಿ ನಾನು ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಕಸ್ಟಮ್ಸ್ ಬ್ರೋಕರ್ ಆಗಿದ್ದೆ. ಬ್ರೋಕರ್ ಎಂದೊಡನೆ ಮೈಸೂರಿನ ನನ್ನ ಬಂಧುಗಳಿಗೆ ಸೈಟು ಮಾರುವವರು ನೆನಪಾಗುತ್ತಿದ್ದರು. ಅದಲ್ಲ. ಹೊರದೇಶದಿಂದ ಸರಕು ತರಿಸುವವರ ಪರವಾಗಿ ಸರ್ಕಾರಕ್ಕೆ ಕಾಗದ ಸಲ್ಲಿಸಿ, ಸುಂಕ ಕಟ್ಟಿಸಿ, ಸರಕನ್ನು ಬಂದರಿನಿಂದ ಬಿಡಿಸಿಕೊಡುವ ಕೆಲಸ. ಅದಕ್ಕೆ ಪರೀಕ್ಷೆ ಇದೆ, ಲೈಸೆನ್ಸ್ ಇದೆ. ಇಡೀ ಕೆಲಸದ ತಿರುಳು ಒಂದೇ ಪ್ರಶ್ನೆ: ಈ ವಸ್ತು ಏನು? ಗಡಿ ದಾಟುವ ಪ್ರತಿಯೊಂದು ವಸ್ತುವಿಗೂ ಟ್ಯಾರಿಫ್ ನಂಬರ್ ಅಂತ ಒಂದಿರುತ್ತದೆ. ಪಂಪಿಗೆ ಒಂದು, ಪಂಪಿನ ವಾಲ್ವಿಗೆ ಇನ್ನೊಂದು. ನಂಬರ್ ಸರಿಯಿದ್ದರೆ ಸರಕು ಬಂತು, ತಪ್ಪಿದರೆ ಸಿಕ್ಕಿಬಿತ್ತು.

ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ ಅದು. ಮನೆಯಲ್ಲಿ ಯಾರಾದರೂ ‘ಅದೇನೋ ಒಂಥರಾ ತಿಂಡಿ’ ಅಂದರೆ, ‘ಒಂಥರಾ ಅಂದ್ರೆ ಯಾವ ಥರ?’ ಎಂದು ಜೋರು ಮಾಡುತ್ತಿದ್ದವಳು ನಾನು. ನನ್ನ ಗಿರಾಕಿಗಳೆಲ್ಲ ಎಣ್ಣೆ ಬಾವಿಯ ಯಂತ್ರಗಳನ್ನು ತರಿಸುವವರು. ಕಬ್ಬಿಣಕ್ಕೆ ಕಬ್ಬಿಣ ಎಂದರೆ ಮುಗಿಯಿತು, ಅದರಲ್ಲಿ ಗೊಂದಲಕ್ಕೆ ಜಾಗವಿಲ್ಲ.

ಆ ಬೇಸಿಗೆಯಲ್ಲಿ ಆಸ್ಟಿನ್‌ನಿಂದ ಇಮ್ತಿಯಾಜ್ ಫೋನ್ ಮಾಡಿದ. ಧಾರವಾಡದ ಹುಡುಗ, ಆಸ್ಟಿನ್‌ನಲ್ಲೇ ಎಂ.ಎಸ್. ಮಾಡಿದವನು, ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಪರಿಚಯವಾಗಿದ್ದ. ಕಂಪ್ಯೂಟರ್ ಕಂಪನಿಗಳು ಮುಗ್ಗರಿಸಿದಾಗ ಇವನ ನೌಕರಿಯೂ ಹೋಗಿತ್ತು. ಆಮೇಲೆ ಯೂನಿವರ್ಸಿಟಿಯ ಹತ್ತಿರ ಒಂದು ಅಂಗಡಿ ಹಾಕಿದ್ದ: ಜಪಾನಿನ ಕಾರ್ಟೂನುಗಳ ಪೋಸ್ಟರ್, ಕೀ ಚೈನ್, ರೋಬೋ ಗೊಂಬೆಗಳು. ಅಲ್ಲಿಯವರೆಗೆ ಸಣ್ಣ ಪಾರ್ಸೆಲ್‌ಗಳಲ್ಲಿ ತರಿಸುತ್ತಿದ್ದವನು ಈಗ ಮೊದಲ ಸಲ ಹಡಗಿನಲ್ಲಿ ತರಿಸುತ್ತಿದ್ದ, ಒಸಾಕಾದಿಂದ ಹ್ಯೂಸ್ಟನ್ ಬಂದರಿಗೆ. ಹೊಸದಾಗಿ ಬಂದ ಒಂದು ರೋಬೋ ಸೆಟ್‌ಗಾಗಿ ಟೆಕ್ಸಸ್‌ನ ಅಭಿಮಾನಿಗಳೆಲ್ಲ ಮುಂಗಡ ಕೊಟ್ಟಿದ್ದರಂತೆ.

“ಏನು ಸರಕು?” ಎಂದು ಕೇಳಿದೆ.

“ಬರೇ ಆಟಿಗಿ ಸಾಮಾನ ಅಕ್ಕಾರ. ಪ್ಲಾಸ್ಟಿಕ್ ಗೊಂಬಿ. ಮತ್ತೇನಿಲ್ರಿ,” ಅಂದ.

ಒಸಾಕಾದ ರಫ್ತುದಾರರ ಇನ್‌ವಾಯ್ಸ್‌ನಲ್ಲೂ ಅದೇ ಇತ್ತು. ಆಟಿಕೆಯ ನಂಬರ್ ಹಾಕಿ ಕಾಗದ ಸಲ್ಲಿಸಿದೆ. ಎರಡು ವಾರದ ನಂತರ ಹ್ಯೂಸ್ಟನ್ ತಪಾಸಣಾ ಗೋದಾಮಿನಿಂದ ಫೋನ್ ಬಂತು. ಗ್ಲೋರಿಯಾ ಎಂಬ ಅಧಿಕಾರಿ. ಆಕೆ ಒಂದು ಡಬ್ಬಿ ಬಿಚ್ಚಿ ನೋಡಿದ್ದರು. ರೋಬೋ ಇತ್ತು, ಸರಿ. ಅದರ ಪಕ್ಕದಲ್ಲಿ ಪುಟ್ಟ ಕಾಗದದ ಪೊಟ್ಟಣ, ಪೊಟ್ಟಣದಲ್ಲಿ ಬಿಳಿ ಮಾತ್ರೆ.

“ಪ್ರತಿ ಡಬ್ಬಿಯಲ್ಲೂ ಒಂದೊಂದಿದೆ,” ಅಂದರು ಗ್ಲೋರಿಯಾ. “ಇದೇನು ಅಂತ ನೀವೇ ಹೇಳಿ.”

ಕಾಗದದಲ್ಲಿಲ್ಲದ ಬಿಳಿ ಮಾತ್ರೆಗಳು! ಈ ಹುಡುಗ ಎಂಥ ಕೆಲಸಕ್ಕೆ ಕೈಹಾಕಿದ್ದಾನಪ್ಪಾ ಎಂದು ಬೆವತುಹೋದೆ. ಸಂಜೆಯ ಹೊತ್ತಿಗೆ ಪರೀಕ್ಷೆಯ ಫಲಿತಾಂಶ ಬಂತು: ಸಕ್ಕರೆ. ಬರೀ ಮಿಠಾಯಿ. ಉಸಿರು ಬಿಟ್ಟೆ, ಆದರೆ ಅರ್ಧವಷ್ಟೇ. ಯಾಕೆಂದರೆ ಮಿಠಾಯಿ ಎಂದರೆ ಆಹಾರ. ಆಹಾರ ಅಮೆರಿಕಕ್ಕೆ ಬರಬೇಕಾದರೆ ಮೊದಲೇ ನೋಟಿಸ್ ಕೊಡಬೇಕು, ಅದನ್ನು ತಯಾರಿಸಿದ ಕಾರ್ಖಾನೆ ಅಮೆರಿಕ ಸರ್ಕಾರದಲ್ಲಿ ನೋಂದಣಿಯಾಗಿರಬೇಕು ಎಂಬ ನಿಯಮ ಆಗಷ್ಟೇ ಜಾರಿಗೆ ಬಂದಿತ್ತು. ಇಲ್ಲಿ ನೋಟಿಸೂ ಇಲ್ಲ, ನೋಂದಣಿಯೂ ಇಲ್ಲ.

ಇಮ್ತಿಯಾಜ್‌ಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡೆ. “ಒಳಗೆ ಮಿಠಾಯಿ ಇದೆ ಅಂತ ಯಾಕೆ ಹೇಳಲಿಲ್ಲ ನೀನು?”

ಅವನಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. “ಅದು ಕೊಸರು ಅಲ್ಲೇನ್ರಿ ಅಕ್ಕಾರ! ಸಂತ್ಯಾಗ ಕಾಯಿಪಲ್ಲೆ ತಗೊಂಡ್ರ ಮ್ಯಾಲೆ ನಾಕ ಎಸಳು ಕರಿಬೇವು ಹಾಕ್ತಾರ. ಕರಿಬೇವಿಗೆ ಯಾರರ ಬಿಲ್ ಮಾಡ್ತಾರೇನ್ರಿ?”

ನಾನು ಬೆಳೆದದ್ದೇ ಕೊಸರು ಕೇಳುವ ಮನೆಯಲ್ಲಿ. ಅಮ್ಮ ಸೊಪ್ಪಿನವಳ ಹತ್ತಿರ ಕೊಸರಿಗಾಗಿ ಜಗಳ ಆಡದ ಬೆಳಿಗ್ಗೆಯೇ ಇರಲಿಲ್ಲ. ಅಳತೆ ಮುಗಿದ ಮೇಲೆ ಪ್ರೀತಿಗೆ ಹಾಕುವುದು ಲೆಕ್ಕಕ್ಕೆ ಸೇರುವುದಿಲ್ಲ ಎಂಬುದು ನಮಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ. ಆದರೆ ಇದನ್ನು ಗ್ಲೋರಿಯಾಗೆ ಇಂಗ್ಲಿಷಿನಲ್ಲಿ ಹೇಗೆ ಹೇಳಲಿ?

ಒಸಾಕಾದ ರಫ್ತುದಾರರಿಗೆ ಇಮೇಲ್ ಬರೆದೆ. ಕಿತಾನೊ ಎಂಬ ಹೆಂಗಸು, ಚೆನ್ನಾಗಿ ಇಂಗ್ಲಿಷ್ ಬಲ್ಲವರು. ಮರುದಿನ ಉತ್ತರ ಬಂತು. ಜಪಾನಿನಲ್ಲೂ ಅಂಗಡಿಯವರು ಗಿರಾಕಿಗೆ ಒಂದಿಷ್ಟು ಮೇಲೆ ಹಾಕಿಕೊಡುತ್ತಾರಂತೆ. ಅದಕ್ಕೆ ಬೆಲೆ ಹಾಕುವುದು ಮರ್ಯಾದೆಯಲ್ಲವಂತೆ. ಅಲ್ಲಾ, ಧಾರವಾಡದವನೂ ಒಸಾಕಾದವರೂ ಒಬ್ಬರಿಗೊಬ್ಬರು ಹೇಳಿಕೊಟ್ಟಂತೆ ಮಾತಾಡುತ್ತಿದ್ದಾರಲ್ಲ! ಹಾಗಾದರೆ ಮಿಠಾಯಿಯೇ ಕೊಸರು ಅಂದುಕೊಳ್ಳುವಷ್ಟರಲ್ಲಿ ಎರಡನೇ ಇಮೇಲ್ ಬಂತು. ‘ಕ್ಷಮಿಸಿ, ಪೂರ್ತಿ ಹೇಳಲಿಲ್ಲ. ನಮ್ಮಲ್ಲಿ ಈ ಡಬ್ಬಿ ಮಾರುವುದು ಮಿಠಾಯಿಯ ಸಾಲಿನಲ್ಲಿ. ಇಲ್ಲಿನ ಲೆಕ್ಕದ ಪ್ರಕಾರ ಮಿಠಾಯಿಯೇ ಸರಕು, ರೋಬೋ ಕೊಸರು. ನಿಮ್ಮ ಗಿರಾಕಿ ಆಟಿಕೆ ಎಂದು ಕೇಳಿದ್ದರಿಂದ ಇನ್‌ವಾಯ್ಸ್‌ನಲ್ಲಿ ಹಾಗೆ ಬರೆದೆವು.’

ನನ್ನ ತಲೆ ಮೊಸರು ಗಡಿಗೆಯಾಯಿತು. ಒಂದೇ ಡಬ್ಬಿ. ಒಸಾಕಾದಲ್ಲಿ ಮಿಠಾಯಿ ಕೊಂಡರೆ ರೋಬೋ ಪುಕ್ಕಟೆ, ಆಸ್ಟಿನ್‌ನಲ್ಲಿ ರೋಬೋ ಕೊಂಡರೆ ಮಿಠಾಯಿ ಪುಕ್ಕಟೆ. ನಡುವೆ ಸಮುದ್ರದ ಮೇಲೆ ಎಲ್ಲೋ ಒಂದು ಕಡೆ ಸರಕು ಕೊಸರಾಗಿ ಕೊಸರು ಸರಕಾಗಿತ್ತು. ಅಷ್ಟು ವರ್ಷದ ವೃತ್ತಿಯಲ್ಲಿ ಮೊದಲ ಸಲ ‘ಈ ವಸ್ತು ಏನು’ ಎಂಬ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಗ್ಲೋರಿಯಾ ಎರಡು ದಾರಿ ಕೊಟ್ಟರು. ಅವರ ಕಣ್ಣೆದುರಿಗೆ ಪ್ರತಿ ಡಬ್ಬಿ ಬಿಚ್ಚಿ, ಮಿಠಾಯಿ ತೆಗೆದು ನಾಶಮಾಡಿ, ಗೊಂಬೆ ಒಯ್ಯಬಹುದು. ಇಲ್ಲವೇ ಶುಕ್ರವಾರದೊಳಗೆ ಮಿಠಾಯಿ ಮಾಡಿದವರ ನೋಂದಣಿ ತಂದು ತೋರಿಸಬೇಕು. ಎರಡೂ ಆಗದಿದ್ದರೆ ಸರಕು ವಾಪಸ್. ಮೊದಲನೆಯದು ಸುಲಭ ಅನ್ನಿಸಿ ನಾನೇ ಡ್ರೈವ್ ಮಾಡಿಕೊಂಡು ಹ್ಯೂಸ್ಟನ್‌ಗೆ ಹೊರಟೆ. ಆಸ್ಟಿನ್‌ನಿಂದ ಇಮ್ತಿಯಾಜ್‌ಗೂ ಬರಲು ಹೇಳಿದೆ.

ಉಳಿದುಕೊಂಡದ್ದು ಹ್ಯೂಸ್ಟನ್ ಪಕ್ಕದ ಕ್ಲಿಯರ್ ಲೇಕ್‌ನಲ್ಲಿ, ನನ್ನ ಗಂಡನ ಚಿಕ್ಕಪ್ಪನ ಮಗ ವಾಸುದೇವನ ಮನೆಯಲ್ಲಿ. ಬಾಹ್ಯಾಕಾಶದ ಕೆಲಸ ಮಾಡುವ ಇಂಜಿನಿಯರ್, ಆಗಲೇ ತಲೆ ನರೆತಿತ್ತು. ಊಟಕ್ಕೆ ಕೂತಾಗ ಸುಮ್ಮನೆ ವಿಷಯ ಹೇಳಿದೆ. ವಾಸು ತಟ್ಟೆ ಬಿಟ್ಟು ಎದ್ದ.

“ಡಬ್ಬಿ ಓಪನ್ ಮಾಡ್ತೀರಾ? ಅತ್ತಿಗೆ, ದಯವಿಟ್ಟು ಬೇಡ!”

ಕೈತೊಳೆದು ನನ್ನನ್ನು ಒಂದು ಬೀರುವಿನ ಹತ್ತಿರ ಕರೆದುಕೊಂಡು ಹೋದ. ಅಯ್ಯೋ ರಾಮ! ಮೇಲಿಂದ ಕೆಳಗಿನವರೆಗೆ ಜಪಾನಿ ರೋಬೋ ಡಬ್ಬಿಗಳು. ಒಂದನ್ನೂ ಬಿಚ್ಚಿರಲಿಲ್ಲ. ಡಬ್ಬಿ ಬಿಚ್ಚಿದರೆ ಅಭಿಮಾನಿಗಳಿಗೆ ಅದು ಸತ್ತ ಹಾಗೆಯಂತೆ.

“ಆಡೋದಕ್ಕೆ ಅಲ್ವೇನೋ ಇದು?” ಎಂದು ಕೇಳಿದೆ.

“ಅಲ್ಲ.”

“ನೋಡೋದಕ್ಕೆ?”

“ಒಳಗಿರೋದು ಕಾಣಲ್ವಲ್ಲ ಅತ್ತಿಗೆ.”

“ಮತ್ತೆ ಯಾತಕ್ಕೋ?”

“ಇರಲಿ ಅಂತ,” ಅಂದ.

ಅವನ ಹೆಂಡತಿ ಉಷಾ ಅಡುಗೆಮನೆಯಿಂದಲೇ ಕೂಗಿದಳು. “ನನ್ನ ಧಾರೆ ಸೀರೇನೂ ಹಾಗೇ ಇಟ್ಟಿದೀನಿ, ಆದ್ರೆ ನಾನು ಒಂದ್ಸಲ ಆದ್ರೂ ಉಟ್ಟಿದೀನಪ್ಪಾ!”

ಅಷ್ಟರಲ್ಲಿ ಇಮ್ತಿಯಾಜ್ ಬಂದ. ಮುಖ ಬಾಡಿಹೋಗಿತ್ತು. ಡಬ್ಬಿ ಬಿಚ್ಚಿದರೆ ಒಬ್ಬರೂ ಒಯ್ಯುವುದಿಲ್ಲ, ಎಲ್ಲರ ಮುಂಗಡ ವಾಪಸ್ ಕೊಡಬೇಕು, ಆ ದುಡ್ಡು ಆಗಲೇ ಸರಕಿಗೆ ಹೋಗಿದೆ ಅಂದ. “ಅಂಗಡಿ ಮುಚ್ಚೂದರಿ ಅಕ್ಕಾರ. ನೌಕರಿ ಹೋದಾಗ ಅಷ್ಟ ಕೆಟ್ಟ ಅನ್ನಿಸಿದ್ದಿಲ್ಲ. ಇದು ನಾ ಕಟ್ಟಿದ್ದು.” ಉಳಿದದ್ದು ನೋಂದಣಿಯ ದಾರಿಯೊಂದೇ.

ಒಸಾಕಾದಲ್ಲಿ ಆಗ ಬೆಳಿಗ್ಗೆ. ಊಟದ ಮೇಜಿನ ಮೇಲಿನ ಸ್ಪೀಕರ್ ಫೋನಿನಲ್ಲಿ ಕಿತಾನೊ ಅವರಿಗೆ ಕರೆ ಮಾಡಿದೆವು. ಮಿಠಾಯಿ ಮಾಡುವ ಹಿರಾಟಾ ಎಂಬ ಮುದುಕರ ಕಾರ್ಖಾನೆ ಅದೇ ಓಣಿಯಲ್ಲಿತ್ತು, ಅವರನ್ನೂ ಕರೆತಂದಿದ್ದರು. ಅವರು ಹೇಳಿದ್ದನ್ನು ಕಿತಾನೊ ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ನಾನು ವಿವರಿಸಿದೆ: ನೋಂದಣಿಗೆ ಖರ್ಚಿಲ್ಲ, ಅಮೆರಿಕದಲ್ಲಿ ಒಬ್ಬ ಏಜೆಂಟ್ ಬೇಕು, ನಾನೇ ಆಗುತ್ತೇನೆ, ಅವರು ಒಪ್ಪಿದರೆ ಸಾಕು.

ಹಿರಾಟಾ ಒಪ್ಪಲಿಲ್ಲ!

ಯಾಕೆಂದು ಯಾರಿಗೂ ಹೊಳೆಯಲಿಲ್ಲ. ಕಿತಾನೊ ಅವರಿಗೂ ಮುಜುಗರ. ಮತ್ತೆ ಮತ್ತೆ ಕೇಳಿದ ಮೇಲೆ ಮುದುಕರು ಬಾಯಿಬಿಟ್ಟರು. ಅಂಗಡಿಯಿಂದ ಹೊರಗೆ ಬಂದ ಕೂಡಲೇ ಗಿರಾಕಿಗಳು ರೋಬೋ ಜೇಬಿಗೆ ಹಾಕಿಕೊಂಡು ಮಿಠಾಯಿಯನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ತಮ್ಮ ಪೊಟ್ಟಣ ಬುಟ್ಟಿಯಲ್ಲಿ ಬಿದ್ದಿರುವುದನ್ನು ತಾವೇ ಎಷ್ಟೋ ಸಲ ನೋಡಿದ್ದಾರಂತೆ. ಕಸಕ್ಕೆ ಹೋಗುವುದನ್ನು ಆಹಾರ ಎಂದು ಇನ್ನೊಂದು ದೇಶದ ಸರ್ಕಾರಕ್ಕೆ ಹೇಗೆ ಹೇಳಲಿ, ಸುಳ್ಳಾಗುವುದಿಲ್ಲವೇ? ಅಷ್ಟು ಹೇಳಿ ಅವರೇ ಒಂದು ಪ್ರಶ್ನೆ ಕೇಳಿದರು.

“ನಿಮ್ಮಲ್ಲಿ ಅದನ್ನು ತಿನ್ನುತ್ತಾರಾ?”

ವಾಸು ಜೋರಾಗಿ ತಲೆಯಾಡಿಸಿ ‘ಹೂಂ ಅನ್ನು’ ಎಂದು ಸನ್ನೆ ಮಾಡಿದ. ಉಷಾ ಕೂಡ. ನನಗೂ ಮನಸ್ಸಿನಲ್ಲಿ ಅದೇ: ಅಂದುಬಿಡೋ ಮಾರಾಯ, ಅಂಗಡಿ ಉಳಿಯುತ್ತೆ. ಇಮ್ತಿಯಾಜ್ ಫೋನನ್ನೇ ನೋಡುತ್ತ ಕೂತಿದ್ದ. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. “ಇಲ್ಲ ಸರ್. ಒಬ್ಬರೂ ತಿನ್ನೋದಿಲ್ಲ.”

ಮುಗಿಯಿತು ಅಂದುಕೊಂಡೆ. ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು.

“ಆದರೆ ಯಾರೂ ಎಸೆಯೋದೂ ಇಲ್ಲ ಸರ್,” ಅಂದ ಇಮ್ತಿಯಾಜ್. “ಇಟ್ಕೊಳ್ತಾರೆ.”

ಕಿತಾನೊ ಇದನ್ನು ತಿರುಗಿಸಿ ಹೇಳಿದ್ದು ಕೇಳಿಸಿತು. ಮುದುಕರಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ, ಮತ್ತೆ ಕೇಳಿದರು. ಆಗ ವಾಸು ಓಡಿಹೋಗಿ ಬೀರುವಿನಿಂದ ಒಂದು ಹಳೇ ಡಬ್ಬಿ ತಂದ. ಫೋನಿನ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಪೊಟ್ಟಣ ಟಕ ಟಕ ಅಂದಿತು.

“ಇದು ನಾನು ತೊಂಬತ್ತೊಂಬತ್ತರಲ್ಲಿ ತಗೊಂಡಿದ್ದು,” ಎಂದು ಕೂಗಿ ಹೇಳಿದ. “ಮಿಠಾಯಿ ಇನ್ನೂ ಒಳಗಿದೆ!”

ಆ ಕಡೆ ಇಬ್ಬರೂ ಜಪಾನಿಯಲ್ಲಿ ಏನೇನೋ ಮಾತಾಡಿಕೊಂಡರು. ಬಹಳ ಹೊತ್ತು. ನಾವು ನಾಲ್ವರೂ ಕಣ್ಣು ಕಣ್ಣು ಬಿಟ್ಟುಕೊಂಡು ಕೂತಿದ್ದೆವು. ಕೊನೆಗೆ ಕಿತಾನೊ ಹೇಳಿದರು: “ಹಿರಾಟಾ ಅವರು ಕೇಳುತ್ತಿದ್ದಾರೆ, ಟೆಕ್ಸಸ್‌ನಲ್ಲಿ ಸೆಖೆ ಜಾಸ್ತಿಯಾ? ಅಷ್ಟು ವರ್ಷ ಇಡುವುದಾದರೆ ಪೊಟ್ಟಣಕ್ಕೆ ಇನ್ನೂ ದಪ್ಪ ಕಾಗದ ಹಾಕಬೇಕಂತೆ. ನೋಂದಣಿಗೆ ಏನೇನು ಬೇಕು ಹೇಳಿ.”

ಇಮ್ತಿಯಾಜ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಉಷಾ ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು.

ನೋಂದಣಿ ಆಯಿತು, ನೋಟಿಸ್ ಆಯಿತು. ಶುಕ್ರವಾರ ಸರಕು ಬಿಡುಗಡೆಯಾಯಿತು. ಗ್ಲೋರಿಯಾ ಕಾಗದಕ್ಕೆ ಮುದ್ರೆ ಒತ್ತುತ್ತಾ ಕೇಳಿದರು: “ಕೊನೆಗೂ ಇದು ಆಟಿಕೆಯೋ, ಮಿಠಾಯಿಯೋ?” ಟ್ಯಾರಿಫ್ ಪುಸ್ತಕದ ಪ್ರಕಾರ ಆಟಿಕೆ ಅಂದೆ. ನನ್ನ ಅಭಿಪ್ರಾಯವನ್ನು ಅವರು ಕೇಳಲಿಲ್ಲ, ಸದ್ಯ.

ಮರುದಿನ ಶನಿವಾರ ಆಸ್ಟಿನ್‌ಗೆ ಹೋದೆ. ಇಮ್ತಿಯಾಜ್‌ನ ಅಂಗಡಿಯ ಮುಂದೆ ಸಾಲು ರಸ್ತೆಯವರೆಗೆ ಹೋಗಿತ್ತು. ಒಬ್ಬೊಬ್ಬರೂ ಡಬ್ಬಿಯನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಹೋಗುತ್ತಿದ್ದರು. ಸಂಜೆ ಅಂಗಡಿ ಖಾಲಿಯಾಗುವ ಹೊತ್ತಿಗೆ ಕಿತಾನೊ ಅವರ ಫೋನ್ ಬಂತು, ಹೇಗಾಯಿತು ಎಂದು ಕೇಳಲು. ಪಕ್ಕದಲ್ಲೇ ಹಿರಾಟಾ ಇದ್ದಾರಂತೆ. ಇಮ್ತಿಯಾಜ್ ಮಾತಾಡುತ್ತಿದ್ದಾಗಲೇ, ಕೌಂಟರಿನ ಎದುರು ನಿಂತಿದ್ದ ಕಾಲೇಜು ಹುಡುಗಿಯೊಬ್ಬಳು ಈಗ ತಾನೇ ಕೊಂಡ ಡಬ್ಬಿಯನ್ನು ಚರಕ್ಕನೆ ಹರಿದಳು. ಹಿಂದಿದ್ದವರು ‘ನೋ!’ ಎಂದು ಕಿರುಚಿದರು. ಅವಳು ಕ್ಯಾರೇ ಅನ್ನಲಿಲ್ಲ. ರೋಬೋ ಪಕ್ಕಕ್ಕಿಟ್ಟು, ಪೊಟ್ಟಣ ಬಿಚ್ಚಿ, ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡಳು.

“ಒಬ್ಬಳು ತಿಂತಿದ್ದಾಳೆ ಸರ್!” ಎಂದು ಇಮ್ತಿಯಾಜ್ ಫೋನಿನಲ್ಲಿ ಕೂಗಿದ.

ಹುಡುಗಿಯ ಮುಖ ಹುಳ್ಳಗಾಯಿತು. ‘ಸೀಮೆಸುಣ್ಣ ತಿಂದ ಹಾಗಿದೆ’ ಅಂದಳು. ಇಮ್ತಿಯಾಜ್ ರಿಸೀವರ್ ಮುಚ್ಚಿ ನನ್ನ ಕಡೆ ತಿರುಗಿದ. “ರುಚಿ ಹೆಂಗೈತಿ ಅಂತ ಕೇಳ್ಲಿಕತ್ತಾರ್ರಿ ಅಕ್ಕಾರ. ಏನ್ ಹೇಳ್ಲಿ?”

“ಆವತ್ತು ನಿಜ ಹೇಳಿದ್ದೀಯಲ್ಲ, ಈಗಲೂ ಹೇಳು,” ಅಂದೆ.

ಸ್ಪೀಕರಿನ ಗುಂಡಿ ಒತ್ತಿ ಹೇಳಿದ. ಕಿತಾನೊ ತಡವರಿಸುತ್ತಾ ತಿರುಗಿಸಿ ಹೇಳಿದರು. ಆಮೇಲೆ ಆ ಮುದುಕರು ನಗತೊಡಗಿದರು, ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸುವಷ್ಟು ಜೋರಾಗಿ. ಕಿತಾನೊ ಹೇಳಿದರು: “ಥ್ಯಾಂಕ್ಸ್ ಅಂತಿದ್ದಾರೆ. ಇಷ್ಟು ವರ್ಷದಲ್ಲಿ ಯಾರೂ ರುಚಿ ಹೇಳಿರಲಿಲ್ಲವಂತೆ. ನಾಳೆಯಿಂದಲೇ ನಿಂಬೆಹುಳಿ ಸೇರಿಸಿ ನೋಡುತ್ತಾರಂತೆ.”

ಈಗ ನಿವೃತ್ತಳಾಗಿ ಡಲ್ಲಾಸ್ ಹತ್ತಿರದ ಪ್ರಾಸ್ಪರ್‌ನಲ್ಲಿದ್ದೇನೆ. ವಾಸುವಿನ ಬೀರು ನನಗೆ ಇವತ್ತಿಗೂ ಅರ್ಥವಾಗಿಲ್ಲ, ಅರ್ಥವಾಗುವ ಸೂಚನೆಯೂ ಇಲ್ಲ. ಆದರೆ ಆ ಪ್ರಕರಣದ ನಂತರ ನನ್ನ ಕೆಲಸದ ರೀತಿ ಬದಲಾಯಿತು. ಗಿರಾಕಿ ‘ಅದು ಫ್ರೀ, ಬಿಡಿ ಮೇಡಂ’ ಎಂದಾಗಲೆಲ್ಲ ಪೆನ್ನು ಕೆಳಗಿಟ್ಟು, ಅದನ್ನು ಮಾಡಿದವರು ಯಾರು ಎಂದು ಕೇಳುತ್ತಿದ್ದೆ. ಕೊಡುವವನಿಗೆ ಅದು ಕೊಸರಿರಬಹುದು, ತೆಗೆದುಕೊಳ್ಳುವವನಿಗೂ ಇರಬಹುದು. ಎಲ್ಲೋ ಒಂದು ಓಣಿಯಲ್ಲಿ ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ಅದನ್ನೇ ಮಾಡುತ್ತಿರುತ್ತಾನೆ, ಯಾರಾದರೂ ತಿಂದು ನೋಡಲಿ ಎಂದು.