ಕೌದಿ ಒಗೆಯುವ ದಿನ ಗೇಟು ತೆರೆದದ್ದು

ನವರಾತ್ರಿಗೆ ಮುಂಚೆ ನಮ್ಮ ಕಡೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊಳೆಗೆ ಹೋಗಲೇಬೇಕು. ಕಾಗವಾಡ, ಅಥಣಿ ಸೀಮೆಯ ಕೃಷ್ಣೆಯ ದಂಡೆಯಲ್ಲಿ ಆ ದಿನಗಳಲ್ಲಿ ಕಲ್ಲು ಕಾಣುವುದಿಲ್ಲ, ಕೌದಿಗಳೇ ಕಾಣುತ್ತವೆ. ತೊಯ್ದ ಕೌದಿ ಹಿಂಡಲು ಇಬ್ಬರು ಬೇಕು. ಆ ತುದಿಗೊಬ್ಬರು, ಈ ತುದಿಗೊಬ್ಬರು. ಅದಕ್ಕೇ ಸೊಸೆಯಾದ ನಾನು ರಜೆ ಹಾಕಬೇಕು ಎಂದು ಅತ್ತೆ ವಾರದಿಂದ ಬೆನ್ನು ಹತ್ತಿದ್ದರು. ನನಗೆ ರಜೆ ಸಿಗಲಿಲ್ಲ. ಸಿಗಲಿಲ್ಲ ಎಂದರೆ ನಂಬುವ ಜೀವವೇ ಅದು? ಮುಖ ಊದಿಸಿಕೊಂಡು ಓಣಿಯ ಹೆಂಗಸರ ಜೊತೆ ಟ್ರ್ಯಾಕ್ಟರ್ ಹತ್ತಿದರು. ಹತ್ತಿರದ ಅನಂತಪುರದ ತವರಿನಿಂದ ತಂದ, ಅವರವ್ವ ತನ್ನ ಹಳೆಯ ಸೀರೆಗಳನ್ನು ಕತ್ತರಿಸಿ ಹೊಲಿದ ಕೌದಿಯನ್ನು ಮಾತ್ರ ಯಾರ ಕೈಗೂ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ನನ್ನ ಕೆಲಸ ಅದೇ ಹೊಳೆಯ ಬ್ಯಾರೇಜಿನ ಪಕ್ಕದ ಸಣ್ಣ ವಿದ್ಯುತ್ ಘಟಕದಲ್ಲಿ. ಟರ್ಬೈನು, ಗೇಟು ಎರಡನ್ನೂ ನಡೆಸುವ ಆಪರೇಟರ್ ನಾನು. ಹೆಂಗಸರು ಒಗೆಯುವ ಕಲ್ಲುಗಳು ಗೇಟಿನ ಕೆಳಗಡೆ, ತಿರುವಿನಾಚೆ ಇವೆ. ಈಚೆಗೆ ನಮ್ಮ ಕಂಪ್ಯೂಟರಿನಲ್ಲಿ ಎಐ ಬಂದು ಕೂತಿದೆ. ಘಟ್ಟದ ಮಳೆ, ಮೇಲಿನ ಅಣೆಕಟ್ಟುಗಳ ನೀರು, ಹೊಳೆಯ ಮೇಲ್ಗಡೆಯ ಸೇತುವೆಗೆ ಕಟ್ಟಿದ ಸೆನ್ಸರು ಅಳೆಯುವ ನೀರಿನ ಮಟ್ಟ, ಎಲ್ಲ ನೋಡಿ ಯಾವ ಹೊತ್ತಿಗೆ ಎಷ್ಟು ನೀರು ಬರುತ್ತದೆ ಎಂದು ಗೆರೆ ಎಳೆದು ತೋರಿಸುತ್ತದೆ. ಅದನ್ನು ನೋಡಿಕೊಂಡೇ ನಾವು ನೀರು ತುಂಬಿಟ್ಟು ಕರೆಂಟು ತೆಗೆಯುವುದು, ಇಲ್ಲವೇ ಗೇಟು ಎತ್ತುವುದು. ನನ್ನ ಜೊತೆಯ ಹಿರಿಯ ಆಪರೇಟರನ್ನು ಎಲ್ಲರೂ ಕಾಕಾ ಅನ್ನುತ್ತೇವೆ. ಕಾಕಾ ಆ ಎಐಯನ್ನು ಜೋಯಿಸರು ಅನ್ನುತ್ತಾರೆ.

ಆ ಬೆಳಿಗ್ಗೆ ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಇದ್ದಕ್ಕಿದ್ದಂತೆ ಸೇತುವೆಯ ಮಟ್ಟ ಜಿಗಿಯಿತು, ಮುನ್ಸೂಚನೆಯ ಗೆರೆ ಕೆಂಪಾಯಿತು. ಮಧ್ಯಾಹ್ನದೊಳಗೆ ದೊಡ್ಡ ನೀರು ಎಂದಿತು. ಕಾಕಾ ಬೈಕಿನಲ್ಲಿ ಹೋಗಿ ನೋಡಿದರೆ, ಸೇತುವೆಯ ಪಕ್ಕದ ಊರಿನ ಹೆಂಗಸರು ಸೇತುವೆಯ ಕಂಬಿಗೆ ಕೌದಿ ಒಣಹಾಕಿದ್ದಾರೆ, ಒಂದು ಸರಿಯಾಗಿ ಸೆನ್ಸರಿನ ಕೆಳಗೇ ಜೋತುಬಿದ್ದಿದೆ! ಕೌದಿಯನ್ನೇ ನೀರು ಎಂದು ಅಳೆದಿತ್ತು. ಸರಿಸಿದ ಕೂಡಲೇ ಮಟ್ಟ ಇಳಿಯಿತು. ಜೋಯಿಸರು ಕೌದಿಗೆ ಹೆದರಿದರು ಎಂದು ಫೋನಿನಲ್ಲಿ ನಮ್ಮ ಎಂಜಿನಿಯರ್ ಸಾಹೇಬರೂ ನಕ್ಕರು. ಹಬ್ಬದ ಹೊತ್ತು, ಕರೆಂಟು ಬೇಕು, ಗೇಟು ಮುಟ್ಟಬೇಡ, ಎರಡೂ ಟರ್ಬೈನ್ ನಡೆಯಲಿ ಎಂದರು.

ನಾನೂ ನಕ್ಕೆ. ಆಮೇಲೆ ಪರದೆ ನೋಡಿದೆ. ಮುನ್ಸೂಚನೆಯ ಗೆರೆ ಕೊಂಚ ಬಾಗಿತ್ತೇ ಹೊರತು ಇಳಿದಿರಲಿಲ್ಲ. ಘಟ್ಟದಲ್ಲಿ ರಾತ್ರಿಯೆಲ್ಲ ಸುರಿದ ಮಳೆ ಅದರ ಲೆಕ್ಕದಲ್ಲಿ ಹಾಗೇ ಇತ್ತು. ಮತ್ತೆ ಫೋನ್ ಮಾಡಿದರೆ ಸಾಹೇಬರು, ಒಮ್ಮೆ ಸುಳ್ಳು ಹೇಳಿದ್ದನ್ನು ಮತ್ತೆ ನಂಬುತ್ತೀಯಾ, ನೀರು ಸೇತುವೆಗೆ ಬರಲಿ, ಆಗ ನೋಡೋಣ ಎಂದರು. ಆಗ ನೋಡುವುದೇನು, ಮಣ್ಣು? ನೀರು ಬಂದ ಮೇಲೆ ಎಲ್ಲ ಗೇಟನ್ನೂ ಒಟ್ಟಿಗೇ ಎತ್ತಬೇಕು. ಕೆಳಗೆ ಕಲ್ಲಿನ ಮೇಲಿದ್ದವರಿಗೆ ದಂಡೆ ಹತ್ತಲು ಹೊತ್ತೇ ಸಿಗುವುದಿಲ್ಲ. ಈಗಿನಿಂದಲೇ ಸ್ವಲ್ಪ ಸ್ವಲ್ಪ ಬಿಟ್ಟರೆ ನೀರು ಮೊದಲು ಪಾದ ಮುಟ್ಟುತ್ತದೆ, ಜನ ಎದ್ದು ಹೋಗುತ್ತಾರೆ.

“ನಮ್ಮತ್ತಿ ಹೊಳ್ಯಾಗ ಅದಾರ್ರಿ ಸಾಹೇಬ್ರ,” ಎಂದೆ. “ನಾ ಗೇಟ ತಗ್ಯಾಕತ್ತೀನಿ. ನೀರ ಬರ್ಲಿಲ್ಲಂದ್ರ ನನ್ನ ಮನಿಗೆ ಕಳಸ್ರಿ.”

ಅವರು ಬೈಯುತ್ತಿರುವಾಗಲೇ ಸೈರನ್ ಒತ್ತಿದೆ. ಮಳೆಗಾಲವಿಡೀ ಕೇಳಿ ಕೇಳಿ ಜನ ಅದಕ್ಕೆ ಕಿವಿಗೊಡುವುದನ್ನೇ ಬಿಟ್ಟಿದ್ದಾರೆ. ಹಾಗಾಗಿ ಸೇತುವೆಯಿಂದ ಮರಳಿದ್ದ ಕಾಕಾರನ್ನು ಒಗೆಯುವ ದಂಡೆಗೆ ಓಡಿಸಿದೆ. ಒಂದು ಗೇಟನ್ನು ಚೂರೇ ಎತ್ತಿದೆ. ಸ್ವಲ್ಪ ಹೊತ್ತಿಗೆ ನೀರು ಸಾಲದೆ ಒಂದು ಟರ್ಬೈನ್ ನಿಂತಿತು. ಸೇತುವೆಯ ಮಟ್ಟ ಮಾತ್ರ ಕದಲಲಿಲ್ಲ. ನೌಕರಿ ಹೋಯಿತು ಅಂದುಕೊಂಡೆ. ನೀರು ಬರಲಿ ಎಂದು ಬೇಡಿಕೊಂಡೆನೋ, ಬರದಿರಲಿ ಎಂದೋ, ಶಿವನೇ, ನನಗೇ ತಿಳಿಯಲಿಲ್ಲ. ಆಮೇಲೆ ಮಟ್ಟ ಏರತೊಡಗಿತು. ಈ ಸಲ ಜಿಗಿಯಲಿಲ್ಲ, ನಿಧಾನಕ್ಕೆ, ನಿಲ್ಲದೆ ಏರಿತು.

ಎರಡನೆಯ ಗೇಟಿಗೆ ಕೈ ಹಾಕುವಾಗ ಕಾಕಾ ಫೋನ್ ಮಾಡಿದರು. ಎಲ್ಲರೂ ಮೇಲೆ ಬಂದಿದ್ದಾರೆ, ನಿಮ್ಮತ್ತೆ ಒಬ್ಬರೇ ಮೊಣಕಾಲು ನೀರಿನಲ್ಲಿ ನಿಂತಿದ್ದಾರೆ, ಅವರ ಕೌದಿ ಕಲ್ಲಿನ ಸಂದಿಗೆ ಸಿಕ್ಕಿದೆ, ನಾನೂ ಎಳೆದೆ, ಬರುತ್ತಿಲ್ಲ, ಅವರು ಬಿಡುತ್ತಿಲ್ಲ ಎಂದರು. ಫೋನ್ ಅವರ ಕಿವಿಗೆ ಹಿಡಿಯಿರಿ ಎಂದೆ.

“ಕೌದಿ ಬಿಡ್ರಿ ಅತ್ತಿ. ಗೇಟ ನನ್ನ ಕೈಯಾಗೈತಿ, ನಾ ತಗೀಲೇಬೇಕು.”

“ನೀ ಬಂದು ಆ ತುದಿ ಹಿಡದಿದ್ರ ಯಾವಾಗೋ ಮನಿಗೆ ಹೋಗಿರ್ತಿದ್ದೆ,” ಎಂದರು ಅತ್ತೆ.

ಫೋನಿನಲ್ಲಿ ನೀರಿನ ಸದ್ದು ಜೋರಾಯಿತು. ಗೇಟಿನ ಗುಂಡಿಯ ಮೇಲೆ ಬೆರಳಿಟ್ಟು ಪರದೆಯಲ್ಲಿ ಏರುತ್ತಿದ್ದ ಮಟ್ಟ ನೋಡಿದೆ. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆ. ಕಡೆಗೆ ಅವರ ದನಿ ಬಂತು.

“ಬಿಟ್ಟೆ. ತಗಿ ನಿನ್ನ ಗೇಟ.”

ಇಬ್ಬರೂ ದಂಡೆ ಹತ್ತಿದೆವು ಎಂದು ಕಾಕಾ ಹೇಳಿದ ಮೇಲೆ ಒತ್ತಿದೆ. ಊಟದ ಹೊತ್ತಿಗೆ ಒಗೆಯುವ ಕಲ್ಲು ಒಂದೂ ಕಾಣುತ್ತಿರಲಿಲ್ಲ. ಸಾಹೇಬರು ಫೋನ್ ಮಾಡಿ ಎಲ್ಲ ಗೇಟೂ ಎತ್ತು ಎಂದರು. ಬೈದದ್ದರ ಸುದ್ದಿ ಎತ್ತಲಿಲ್ಲ.

ಮರುದಿನ ನನ್ನ ವಾರದ ರಜೆ. ಎದ್ದು ಬಂದು ನೋಡಿದರೆ ನನ್ನ ಟ್ರಂಕು ತೆರೆದಿದೆ, ನನ್ನ ಮದುವೆಯ ಇಳಕಲ್ ಸೀರೆ ಪಡಸಾಲೆಯಲ್ಲಿ ಹಾಸಿದೆ, ಅತ್ತೆಯ ಕೈಯಲ್ಲಿ ಕತ್ತರಿ! ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು.

“ನಮ್ಮವ್ವನ ಕೌದಿ ಹೊಳಿಗೆ ಕೊಟ್ಟಾಕಿ ನೀ. ಹೊಸಾ ಕೌದಿಗೆ ಸೀರಿ ನಿಂದ ಬೇಕು. ಬಾ, ಆ ತುದಿ ಹಿಡಿ.”

ಕೂತು ಹಿಡಿದೆ.